ಭಂಗಿ: ಎಲೆಯೋ, ಹೂವೋ?

ತೋರಣಗಲ್ಲು, ವಡ್ಡು, ಸಂಡೂರು ಕಡೆ ಬಲಿತ ಪುಂಡಿ ಗಿಡವನ್ನು ಹತ್ತಿರದಿಂದ ನೋಡಿ. ಮೇಲಿನ ಎಲೆಗಳು ಕೈಬೆರಳು ಬಿಡಿಸಿದ ಹಾಗೆ ಸೀಳಿರುತ್ತವೆ, ಅಂಚಿಗೆಲ್ಲ ಗರಗಸದ ಹಲ್ಲು. ಹೊರಗಿನಿಂದ ಬಂದವರು ಗಾಂಜಾ ಕೊಡುವ ಭಂಗಿ ಗಿಡವೆಂದು ಬೆಚ್ಚಿ ನೋಡುವುದುಂಟು. ಸಸ್ಯಶಾಸ್ತ್ರದವರೂ ಬೆಚ್ಚಿರಬೇಕು, ಅದಕ್ಕೇ ಅದರ ಹೆಸರು ಹಿಬಿಸ್ಕಸ್ ಕ್ಯಾನಬಿನಸ್: ಭಂಗಿಯಂಥ ದಾಸವಾಳ. ಜೋಳದ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ಉಂಡವರಿಗೆ ಹಲ್ಲು ಹುಳಿಯಾದೀತು, ತಲೆ ತಿರುಗುವುದಿಲ್ಲ. ಇಲ್ಲಿ ರೂಪ ಒಂದು, ಗಿಡ ಎರಡು. ಭಂಗಿಯ ಕಥೆ ಇದರ ತಿರುಗಾಮುರುಗ. ಗಿಡ ಒಂದೇ, ಹೆಸರು ಹತ್ತು.

ಹಂಪಿಯಲ್ಲಿ ಭಂಗಿ ಎಂಬ ಪದ ಇನ್ನಷ್ಟು ಆಟವಾಡುತ್ತದೆ. ಸೊಂಟ, ಕೊರಳು ಬಾಗಿಸಿ ನಿಂತ ಶಿಲ್ಪ ತ್ರಿಭಂಗಿ; ಅದರ ಮುಂದೆ ಮೊಬೈಲಿಗೆ ಒಡ್ಡುವುದೂ ಭಂಗಿ. ದನಿ ತಗ್ಗಿಸಿ ಹೇಳಿದರೆ ಮಾತ್ರ ಅದು ಸೊಪ್ಪು. ನಿಲುವಿನ ಭಂಗಿ ಸಂಸ್ಕೃತದ ‘ಮುರಿ, ಬಾಗು’ ಎಂಬ ಧಾತುವಿನದು. ಮಾನಭಂಗ, ವ್ರತಭಂಗಗಳು ಅದರ ನೆಂಟರು. ಸೊಪ್ಪಿನದು ‘ಭಂಗಾ’. ನಾರಿಗಾಗಿ ಕಾಂಡ ಮುರಿಯುತ್ತಿದ್ದುದರಿಂದ ಆ ಹೆಸರು ಬಂತೆನ್ನುವುದು ಚಂದದ ಊಹೆ. ಚಂದವಿದೆ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಅನುಮಾನ.

ಅಥರ್ವವೇದ ಸೋಮ, ದರ್ಭೆ, ಜವೆಗಳ ಸಾಲಿನಲ್ಲಿ ಭಂಗವನ್ನೂ ಕರೆಯುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಪಾಣಿನಿಯ ಲೆಕ್ಕ. ಎಳ್ಳು, ಉದ್ದು, ಅಗಸೆ ಬೆಳೆಯುವ ಹೊಲಗಳ ಹೆಸರು ಹೇಗಾಗುತ್ತದೆಂದು ಹೇಳುವಾಗ ಆತ ಭಂಗದ ಹೊಲವನ್ನೂ ಸೇರಿಸುತ್ತಾನೆ: ಭಂಗ್ಯ ಇಲ್ಲವೇ ಭಾಂಗೀನ. ಅಲ್ಲಿ ಅಮಲಿನ ಸುದ್ದಿಯೇ ಇಲ್ಲ, ಅದು ಬರೀ ಒಕ್ಕಲಿಗರ ಮಾತು. ವೈದ್ಯರು ಅದನ್ನು ‘ವಿಜಯಾ’ ಎಂದರು. 1563ರಲ್ಲಿ ಗೋವೆಯಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಅಚ್ಚು ಹಾಕಿಸಿದ ಮದ್ದುಗಳ ಪುಸ್ತಕದಲ್ಲಿ ಅದು ‘ಬಾಂಗೆ’. ವಿಜಯನಗರ ಹಾಳಾಗಲು ಆಗ ಇನ್ನೆರಡೇ ವರ್ಷ.

ನಮ್ಮ ಕಡೆ ಭಂಗಿ ಎಂದರೆ ಇಡೀ ಗಿಡ. ಎಲೆ, ಹೂವು, ಮೊಗ್ಗು, ಚಿಲುಮೆಯ ಹೊಗೆ ಎಲ್ಲ ಅದೇ. ಬೇಡವೆಂದರೆ ಗಾಂಜಿ. ಉತ್ತರದಲ್ಲಿ ಹಾಗಲ್ಲ: ಭಾಂಗ್ ಎಂದರೆ ಎಲೆ, ಅರೆದು ಹಾಲಿಗೆ ಹಾಕಿ ಹೋಳಿ ಹಬ್ಬಕ್ಕೆ ಕುಡಿಯುವುದು, ಗಾಂಜಾ ಎಂದರೆ ಹೂವು, ಸೇದುವುದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹಿಂದಿ ಮಾತಾಡುವ ಕೆಲಸಗಾರರು ಬಂದಮೇಲೆ ಎರಡೂ ಪದ ಒಂದೇ ಚಹಾದಂಗಡಿಯಲ್ಲಿ ಕೂತಿವೆ. ಒಬ್ಬ ಹೇಳುವ ‘ಭಾಂಗ್’ ಇನ್ನೊಬ್ಬನ ಕಿವಿಗೆ ‘ಭಂಗಿ’.

ಕಾನೂನು ಉತ್ತರದವರ ಕಡೆಗಿದೆ. ಮಾದಕ ವಸ್ತುಗಳ ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದದ ದಾರಿಯಲ್ಲೇ 1985ರ ಎನ್‌ಡಿಪಿಎಸ್ ಕಾಯ್ದೆಯೂ ಹೂವಾಡುವ, ಕಾಯಿಗಟ್ಟುವ ತುದಿಯನ್ನಷ್ಟೇ ಗಾಂಜಾ ಎಂದಿತು. ತುದಿ ಜತೆಗಿಲ್ಲದ ಎಲೆ, ಬೀಜ ಹೊರಗುಳಿದವು. ಬೆಂಗಳೂರಿನಲ್ಲಿ ಸಿಕ್ಕ 29 ಕೆ.ಜಿ. ಭಾಂಗ್ ಪ್ರಕರಣದಲ್ಲಿ 2022ರಲ್ಲಿ ಜಾಮೀನು ಕೊಡುವಾಗ ಕರ್ನಾಟಕ ಹೈಕೋರ್ಟು ಇದೇ ಗೆರೆಯನ್ನು ಹಿಡಿಯಿತು. ಅರೆದು ಉಂಡೆ ಮಾಡಿದ ಮೇಲೆ ಅದರಲ್ಲಿ ಎಲೆ ಎಷ್ಟು, ಹೂವು ಎಷ್ಟು ಎಂದು ಕಣ್ಣಿನಿಂದ ಹೇಳುವವರು ಯಾರು?

ಕಷ್ಟ ಇರುವುದು ಅಲ್ಲೇ. 2023ರಲ್ಲಿ ಮಂಗಳೂರಿನ ಪೊಲೀಸರು ಎರಡು ಅಂಗಡಿಗಳಲ್ಲಿ ಹಿಡಿದದ್ದು ಬಣ್ಣದ ಕಾಗದ ಸುತ್ತಿದ ಭಂಗಿಯ ಚಾಕೊಲೇಟು. ಚಿಲುಮೆ ಸೇದಿದವನಿಗೆ ಕೆಲವೇ ನಿಮಿಷಗಳಲ್ಲಿ ಸಾಕೋ ಬೇಕೋ ಗೊತ್ತಾಗುತ್ತದೆ. ತಿಂದದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲವಲ್ಲ ಎಂದು ಇನ್ನೊಂದು ಬಾಯಿಗೆ ಹಾಕಿಕೊಂಡವನನ್ನು ಎರಡೂ ಒಟ್ಟಿಗೆ ಹಿಡಿಯುತ್ತವೆ. ಮಕ್ಕಳ ಕೈಗೆ ಸಿಕ್ಕರಂತೂ ಅವಕ್ಕೆ ಅದು ಚಾಕೊಲೇಟೇ.

ಅಮಲೇರದ ಬೀಜಕ್ಕೆ ಅಳತೆ ಪಕ್ಕಾ ಇದೆ. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಬೀಜ, ಎಣ್ಣೆ, ಹಿಟ್ಟನ್ನು ಆಹಾರವೆಂದು ಒಪ್ಪಿ, ಅಮಲಿನ ಅಂಶವಾದ ಟಿಎಚ್‌ಸಿ ಬೀಜದಲ್ಲಿ ಕೆ.ಜಿ.ಗೆ 5 ಮಿಲಿಗ್ರಾಂ ಮೀರಬಾರದೆಂದಿತು. ಅಂಗಡಿಯಲ್ಲಿ ಅದು ‘ಹೆಂಪ್’ ಎಂಬ ಇಂಗ್ಲಿಷ್ ಅಂಗಿ ತೊಟ್ಟು ಕೂರುತ್ತದೆ, ಭಂಗಿಗೂ ತನಗೂ ಪರಿಚಯವೇ ಇಲ್ಲದ ಹಾಗೆ.

ಎಲೆಯಾದರೋ ಆಯುರ್ವೇದದ ವಿಷದ ಪಟ್ಟಿಯಲ್ಲಿದೆ. 1945ರ ಔಷಧ ನಿಯಮಗಳ ಇ(1) ಅನುಸೂಚಿ ವಿಷದ ಮೂಲಿಕೆಗಳನ್ನು ಹೆಸರಿಸುತ್ತದೆ: ಉಮ್ಮತ್ತಿ, ಎಕ್ಕ, ನಮ್ಮ ಗುಲಗಂಜಿ, ಜತೆಗೆ ಭಂಗಾ. ಇವು ಬೆರೆತ ಔಷಧವನ್ನು ವೈದ್ಯರ ಉಸ್ತುವಾರಿಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಪೊಟ್ಟಣದ ಮೇಲೆ ಎದ್ದು ಕಾಣುವಂತೆ ಇರಬೇಕು. ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಒಳಗೇನಿದೆ ಎಂದು ಸಣ್ಣಕ್ಷರ ಓದಿದರೆ ಸಿಗುವುದು ‘ವಿಜಯಾ’. ವಡ್ಡಿನಲ್ಲಿ ವಿಜಯಾ ಎಂದರೆ ಯಾರದೋ ಮನೆಯ ಸೊಸೆ. ಎಷ್ಟು ಮಿಲಿಗ್ರಾಂ ಎಂಬ ಅಂಕಿಯ ಪಕ್ಕದಲ್ಲಿ ‘ಭಂಗಿಸೊಪ್ಪು’ ಎಂದು ಕನ್ನಡದಲ್ಲಿ ಅಚ್ಚಾದರೆ, ಅಕ್ಷರ ಕೂಡಿಸಿ ಓದುವ ಅಜ್ಜಿಯೂ ಪೊಟ್ಟಣವನ್ನು ಮೊಮ್ಮಗನ ಕೈಯಿಂದ ಕಿತ್ತುಕೊಂಡಾಳು.