ತಿರುಗುವ ಶಾಫ್ಟು, ಸೋರುವ ಎಣ್ಣೆ

ನಿಲ್ಲಿಸಿದ್ದ ಕಾರು ಮುಂದೆ ಹೋದ ಮೇಲೆ ನೆಲದ ಮೇಲೆ ಉಳಿಯುವ ಕಪ್ಪು ಕಲೆ ಎಲ್ಲರಿಗೂ ಪರಿಚಿತ. ‘ಆಯಿಲ್ ಸೀಲ್ ಹೋಗಿದೆ’ ಎನ್ನುವ ಮೆಕ್ಯಾನಿಕ್‌ನ ಮಾತೂ ಅಷ್ಟೇ ಪರಿಚಿತ. ಕೈಬಳೆಯಂತಹ ಈ ರಬ್ಬರ್ ಉಂಗುರಕ್ಕೆ ದೀರ್ಘ ಇತಿಹಾಸವಿದೆ. ಎಣ್ಣೆಯನ್ನು ತಡೆಯಲು ಸಂದನ್ನು ಬಿಗಿಯಾಗಿ ಮುಚ್ಚಿದರೆ ಸಾಕು ಎಂದು ನಮಗೆ ತೋರುತ್ತದೆ. ಅದು ಸಾಲದು ಎಂಬುದೇ ಈ ಇತಿಹಾಸದ ಪಾಠ.

ಸಮಸ್ಯೆ ಯಾವುದು?

ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಎಣ್ಣೆಯಿರುವ ಪೆಟ್ಟಿಗೆಯೊಳಗೆ ತಿರುಗುತ್ತದೆ. ಆದರೆ ಅದರ ಎರಡು ತುದಿಗಳೂ ಹೊರಗೆ ಬರಲೇಬೇಕು. ಒಂದು ತುದಿ ಫ್ಯಾನ್ ಬೆಲ್ಟನ್ನೂ ಮತ್ತೊಂದು ಕ್ಲಚ್ಚನ್ನೂ ತಿರುಗಿಸಬೇಕು. ಶಾಫ್ಟು ಸರಾಗವಾಗಿ ತಿರುಗಲು ಸಂದು ಬೇಕು. ಸಂದು ಇದ್ದರೆ ಎಣ್ಣೆ ಹೊರಗೆ ಬರುತ್ತದೆ.

ಕಿರಿದಾದ ಸಂದಿನಲ್ಲಿ ಹರಿಯುವ ದ್ರವದ ಪ್ರಮಾಣವು ಸಂದಿನ ಅಗಲದ ಘನಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಸಂದು ಎರಡರಷ್ಟಾದರೆ ಸೋರಿಕೆ ಎಂಟರಷ್ಟಾಗುತ್ತದೆ. ಒತ್ತಡ ಹೆಚ್ಚಿದಂತೆ ಹರಿವು ಹೆಚ್ಚುತ್ತದೆ. ಸ್ನಿಗ್ಧತೆ ಹೆಚ್ಚಿದಂತೆ ಕಡಿಮೆಯಾಗುತ್ತದೆ. 40 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಗೆ ಕಾದ ಎಂಜಿನ್ ಎಣ್ಣೆಯ ಸ್ನಿಗ್ಧತೆ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯಬಹುದು. ತಣ್ಣಗಿದ್ದಾಗ ಒಣಗಿದಂತೆ ಕಾಣುವ ಜೋಡಣೆ ಬಿಸಿಯಾದಾಗ ಸೋರುವುದಕ್ಕೆ ಇದೊಂದು ಕಾರಣ.

ಸೋರುವುದೇ ಕ್ರಮವಾಗಿದ್ದ ಕಾಲ

ಮೊದಮೊದಲ ಮೋಟಾರು ವಾಹನಗಳಲ್ಲಿ ಕೀಲೆಣ್ಣೆಯನ್ನು ಬೇರಿಂಗುಗಳಿಗೆ ಹನಿಹನಿಯಾಗಿ ಬಿಡಲಾಗುತ್ತಿತ್ತು. ಕೆಲಸ ಮುಗಿಸಿದ ಎಣ್ಣೆ ಹೊಗೆಯಾಗಿಯೋ ಹನಿಯಾಗಿಯೋ ಹೊರಗೆ ಹೋಗುತ್ತಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆಯ ಪಂಪ್ ಇರಲಿಲ್ಲ. ತಿರುಗುವ ಭಾಗಗಳು ಎಣ್ಣೆಯನ್ನು ಎರಚುತ್ತಿದ್ದವು. ಮುಂದೆ ವೇಗ ಹೆಚ್ಚಿ, ಪಂಪಿನಿಂದ ಒತ್ತಿ ಎಣ್ಣೆ ಕಳಿಸುವ ಪದ್ಧತಿ ಸಾಮಾನ್ಯವಾದ ಮೇಲೆ ಸೋರಿಕೆಯನ್ನು ತಡೆಯುವುದು ಅನಿವಾರ್ಯವಾಯಿತು.

ಇದಕ್ಕೆ ಮೊದಲು ಸಿಕ್ಕ ವಸ್ತುಗಳು ಹಗ್ಗ ಮತ್ತು ಚರ್ಮ. ಗ್ರಾಫೈಟ್ ಬೆರೆಸಿದ ಕಲ್ನಾರಿನ ಹಗ್ಗವನ್ನು ಶಾಫ್ಟಿನ ಸುತ್ತ ಗಾಡಿಯಲ್ಲಿ ಕೂರಿಸುವುದು ಅನೇಕ ಅಮೆರಿಕನ್ ಎಂಜಿನ್ನುಗಳಲ್ಲಿ ದಶಕಗಳ ಕಾಲ ನಡೆಯಿತು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಆದ್ದರಿಂದ ಹಳೆಯ ಎಂಜಿನ್ ಬಿಚ್ಚುವವರು ಆ ಹಗ್ಗವನ್ನು ಒಣಗಿದ ಸ್ಥಿತಿಯಲ್ಲಿ ಕೆರೆಯಬಾರದು.

ಚರ್ಮದ ಕಥೆ ಇನ್ನೂ ಹಳೆಯದು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮ ದ್ರವಚಾಲಿತ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಅದರ ಸೋರಿಕೆ ತಡೆಯಲು ಬಳಸಿದ ಬಟ್ಟಲಿನಾಕಾರದ ಚರ್ಮದ ಪಟ್ಟಿಯನ್ನು ಅವನ ಸಹಾಯಕ ಹೆನ್ರಿ ಮಾಡ್ಸ್ಲೆ ರೂಪಿಸಿದನೆಂದು ಹೇಳಲಾಗುತ್ತದೆ. ಒಳಗಿನ ಒತ್ತಡ ಹೆಚ್ಚಿದಷ್ಟೂ ಪಟ್ಟಿಯ ಅಂಚು ಇನ್ನಷ್ಟು ಬಿಗಿಯಾಗುತ್ತಿತ್ತು. ಸೋರಿಕೆಗೆ ಕಾರಣವಾದ ಒತ್ತಡವನ್ನೇ ಸೋರಿಕೆಯನ್ನು ತಡೆಯಲು ದುಡಿಸಿಕೊಂಡ ಉಪಾಯವಿದು.

ತಿರುಪು ಮಾಡಿದ ಕೆಲಸ

ಮತ್ತೊಂದು ಜಾಣ ಉಪಾಯವೆಂದರೆ ಶಾಫ್ಟಿನ ಮೇಲೆಯೇ ತಿರುಪಿನ ಗೆರೆ ಕೊರೆಯುವುದು. ಬ್ರಿಟನ್ನಿನ ಬಿ.ಎಂ.ಸಿ. ಸಂಸ್ಥೆಯ ಬಿ-ಸರಣಿಯ ಮೊದಲ ಎಂಜಿನ್ನುಗಳ ಹಿಂಬದಿಯಲ್ಲಿ ಈ ವ್ಯವಸ್ಥೆ ಇತ್ತು. ನಮ್ಮ ಅಂಬಾಸಿಡರ್ ಕಾರು ದಶಕಗಳ ಕಾಲ ನೆಚ್ಚಿದ್ದ 1489 ಘನ ಸೆಂ.ಮೀ. ಎಂಜಿನ್ ಇದೇ ಕುಟುಂಬದ್ದು. ಶಾಫ್ಟು ತಿರುಗುವಾಗ ತಿರುಪು ಎಣ್ಣೆಯನ್ನು ಆರ್ಕಿಮಿಡಿಸ್ ತಿರುಪಿನಂತೆ ಒಳಕ್ಕೆ ತಳ್ಳುತ್ತದೆ. ಶಾಫ್ಟನ್ನು ಏನೂ ಮುಟ್ಟದ ಕಾರಣ ಸವೆತವೂ ಇಲ್ಲ. ಆದರೆ ಎಂಜಿನ್ ನಿಂತೊಡನೆ ಈ ಪಂಪೂ ನಿಲ್ಲುತ್ತದೆ. ಸಂದು ಮಾತ್ರ ಹಾಗೇ ಉಳಿಯುತ್ತದೆ. ಇಂತಹ ಎಂಜಿನ್ನುಗಳು ಓಡುವಾಗ ಸುಮ್ಮನಿದ್ದು, ನಿಲ್ಲಿಸಿದ ಮೇಲೆ ಹನಿ ಬೀಳಿಸಿದರೆ ಆಶ್ಚರ್ಯಪಡಬೇಕಿಲ್ಲ.

ರಬ್ಬರ್ ಬಂತು

ಸಹಜ ರಬ್ಬರ್ ಖನಿಜ ತೈಲದಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆಯನ್ನು ತಾಳುವ ನೈಟ್ರೈಲ್ ರಬ್ಬರ್ 1930ರ ದಶಕದಲ್ಲಿ ಜರ್ಮನಿಯಲ್ಲಿ ಸಿದ್ಧವಾಯಿತು. ವೈನ್‌ಹೈಮ್ ಪಟ್ಟಣದ ಫ್ರಾಯ್ಡೆನ್‌ಬರ್ಗ್ ಸಂಸ್ಥೆ ಮೂಲತಃ ಚರ್ಮ ಹದ ಮಾಡುವ ಉದ್ಯಮ. ಅಲ್ಲಿ ವಾಲ್ಟರ್ ಸಿಮ್ಮರ್ ಎಂಬ ಎಂಜಿನಿಯರನ ಹೆಸರು ಹೊತ್ತ ಶಾಫ್ಟ್ ಸೀಲ್ ತಯಾರಾಯಿತು. ಅದೇ ದಶಕದಲ್ಲಿ ಅದರ ಚರ್ಮದ ಜಾಗವನ್ನು ರಬ್ಬರ್ ಆಕ್ರಮಿಸಿತು. ಲೋಹದ ಚೌಕಟ್ಟು, ರಬ್ಬರಿನ ತೆಳುವಾದ ತುಟಿ ಮತ್ತು ಅದನ್ನು ಅಪ್ಪಿ ಹಿಡಿಯುವ ಸ್ಪ್ರಿಂಗ್ — ಇವು ಇಂದಿನ ಆಯಿಲ್ ಸೀಲಿನಲ್ಲೂ ಇವೆ.

ಈ ಸೀಲ್ ಶಾಫ್ಟನ್ನು ಒತ್ತಿ ಹಿಡಿದೇ ಎಣ್ಣೆ ತಡೆಯುತ್ತದೆ ಎಂದು ಬಹುಕಾಲ ಭಾವಿಸಲಾಗಿತ್ತು. ಇಂಗ್ಲೆಂಡಿನ ಇ. ಟಿ. ಜಾಗರ್ 1957ರಲ್ಲಿ ಪ್ರಕಟಿಸಿದ ಅಧ್ಯಯನವು ತುಟಿಗೂ ಶಾಫ್ಟಿಗೂ ನಡುವೆ ಎಣ್ಣೆಯ ಅತಿ ತೆಳುವಾದ ಪೊರೆ ಇರುವುದನ್ನು ತೋರಿಸಿತು. ಪೊರೆಯಿದ್ದರೂ ಎಣ್ಣೆ ಸೋರದಿರುವುದು ಹೇಗೆ? ತುಟಿಯ ಎರಡು ಬದಿಗಳ ಇಳಿಜಾರು ಬೇರೆ ಬೇರೆ. ಶಾಫ್ಟು ತಿರುಗುವಾಗ ತುಟಿಯ ಸೂಕ್ಷ್ಮ ಉಬ್ಬುತಗ್ಗುಗಳು ಓರೆಯಾಗಿ ಬಾಗಿ ಎಣ್ಣೆಯನ್ನು ಒಳಕ್ಕೆ ದೂಡುತ್ತವೆ. ಅಂದರೆ ಒಳ್ಳೆಯ ಸೀಲ್ ಒಂದು ಸಣ್ಣ ಪಂಪ್. ಪೊರೆಯೇ ಇಲ್ಲದಿದ್ದರೆ ತುಟಿ ಕೆಲವೇ ದಿನಗಳಲ್ಲಿ ಸುಟ್ಟುಹೋಗುತ್ತಿತ್ತು. ಸೀಲನ್ನು ಹಿಂದುಮುಂದಾಗಿ ಕೂರಿಸಿದರೆ ಅದು ಎಣ್ಣೆಯನ್ನು ಹೊರಕ್ಕೇ ಹಾಕುತ್ತದೆ!

ರಬ್ಬರಿನ ಸಾಮರ್ಥ್ಯ ಅದರ ಸ್ಥಿತಿಸ್ಥಾಪಕತೆಯಲ್ಲಿದೆ. ಬಹಳ ಕಾಲ ಬಿಸಿ ತಿಂದ ನೈಟ್ರೈಲ್ ಗಟ್ಟಿಯಾಗಿ ಬಿರಿಯುತ್ತದೆ. ಹೆಚ್ಚು ಉಷ್ಣತೆ ಇರುವೆಡೆ ಫ್ಲೋರೀನ್‌ಯುಕ್ತ ರಬ್ಬರ್ ಬಳಸುತ್ತಾರೆ. ಚಳಿಯೂ ರಬ್ಬರನ್ನು ಗಟ್ಟಿಗೊಳಿಸುತ್ತದೆ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ನಾಶವಾದದ್ದು ಇಂತಹ ರಬ್ಬರ್ ಉಂಗುರ ಚಳಿಯಲ್ಲಿ ಬೇಗನೆ ಹಿಗ್ಗದೆ ಹೋದದ್ದರಿಂದ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ತನಿಖಾ ಸಭೆಯಲ್ಲಿ ಇದನ್ನು ತೋರಿಸಿದರು.

ತಪ್ಪು ಸೀಲಿನದೇ?

ಸಿಲಿಂಡರಿನಲ್ಲಿ ಉರಿದ ಅನಿಲದ ಅಲ್ಪಭಾಗ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗೆ ನುಸುಳುತ್ತದೆ. ಅದು ಹೊರಗೆ ಹೋಗದಿದ್ದರೆ ಒಳಗಿನ ಒತ್ತಡ ಏರಿ ಎಣ್ಣೆಯನ್ನು ಸೀಲಿನಾಚೆ ತಳ್ಳುತ್ತದೆ. ಹಿಂದೆ ಈ ಅನಿಲವನ್ನು ತೆರೆದ ಕೊಳವೆಯ ಮೂಲಕ ರಸ್ತೆಗೆ ಬಿಡಲಾಗುತ್ತಿತ್ತು. ಲಾಸ್ ಏಂಜಲಿಸ್ ನಗರದ ಹೊಗೆಮಂಜಿಗೆ ಇದೂ ಒಂದು ಕಾರಣವೆಂದು ತಿಳಿದ ಮೇಲೆ, 1961ರ ಮಾದರಿಯ ಕ್ಯಾಲಿಫೋರ್ನಿಯಾ ಕಾರುಗಳಲ್ಲಿ ಅದನ್ನು ಎಂಜಿನ್ನಿಗೇ ಮರಳಿ ಎಳೆದುಕೊಳ್ಳುವ ಕವಾಟ ಬಂತು. 1963ರ ವೇಳೆಗೆ ಅದು ಅಮೆರಿಕದಾದ್ಯಂತ ಹರಡಿತು. ವಾಯುಮಾಲಿನ್ಯ ತಡೆಯಲು ಬಂದ ಈ ಕವಾಟ ಎಣ್ಣೆಯ ಸೋರಿಕೆಗೂ ಕಡಿವಾಣ ಹಾಕಿತು. ಅದು ಮಸಿಯಿಂದ ಕಟ್ಟಿಕೊಂಡರೆ ಹೊಸ ಸೀಲ್ ಹಾಕಿಯೂ ಪ್ರಯೋಜನವಿಲ್ಲ.

ಇಪ್ಪತ್ತು ಹನಿಗಳು ಸುಮಾರು ಒಂದು ಮಿ.ಲೀ. ಎನ್ನೋಣ. ನಿಮಿಷಕ್ಕೊಂದು ಹನಿ ಎಡೆಬಿಡದೆ ಬಿದ್ದರೆ ದಿನಕ್ಕೆ 1440 ಹನಿ, ಅಂದರೆ 72 ಮಿ.ಲೀ.; ಎರಡು ವಾರಕ್ಕೆ ಒಂದು ಲೀಟರ್! ಎಣ್ಣೆ ತೀರಾ ಇಳಿದರೆ ಬೇರಿಂಗು ಹಿಡಿದುಕೊಳ್ಳುತ್ತದೆ. ಬಿಸಿ ಹೊಗೆಕೊಳವೆಯ ಮೇಲೆ ಬಿದ್ದರೆ ಬೆಂಕಿ ಹೊತ್ತಬಹುದು. ಮಳೆನೀರಿನೊಡನೆ ಕೆರೆ ಸೇರಿದರೆ ಜಲಚರಗಳಿಗೆ ಕೇಡು.

ಸೋರಿಕೆ ಕಂಡಾಗ ಮೊದಲು ಡಿಪ್ ಸ್ಟಿಕ್ ತೆಗೆದು ಎಣ್ಣೆಯ ಮಟ್ಟ ನೋಡಬೇಕು. ಎಂಜಿನ್ನನ್ನು ಶುಚಿಗೊಳಿಸಿ, ಸ್ವಲ್ಪ ಓಡಿಸಿ, ಒದ್ದೆಯಾದ ಅತಿ ಎತ್ತರದ ಜಾಗವನ್ನು ಹುಡುಕಬೇಕು. ಎಣ್ಣೆ ಕೆಳಕ್ಕೆ ಇಳಿಯುವುದರಿಂದ ಹನಿ ಬೀಳುವ ಜಾಗವೇ ಸೋರುವ ಜಾಗವಲ್ಲ. ಅನಂತರ ಕವಾಟವನ್ನೂ ಅದರ ಕೊಳವೆಯನ್ನೂ ಪರೀಕ್ಷಿಸಬೇಕು. ಬೋಲ್ಟುಗಳನ್ನು ಬಲವಾಗಿ ಬಿಗಿದರೆ ತಗಡಿನ ಮುಚ್ಚಳ ಬಾಗಿ ಸಂದು ಹೆಚ್ಚಬಹುದು. ಆಗ ಘನದ ನಿಯಮ ತನ್ನ ಕೆಲಸ ಮಾಡುತ್ತದೆ. ಸೀಲ್ ಬದಲಾಯಿಸುವ ಮುನ್ನ ಸಂದು, ಒತ್ತಡ, ಸ್ನಿಗ್ಧತೆ ಈ ಮೂರರಲ್ಲಿ ಯಾವುದು ಬದಲಾಗಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.