ಬಲ್ಲವರ ಹೆಸರುಗಳು: ಡ್ರುಯಿಡ್, ಗೊರವ, ಕಣಿ

ಕೋಲಾರ ತಾಲ್ಲೂಕಿನ ವಕ್ಕಲೇರಿಯಲ್ಲಿ ದೊರೆತ ಬಾದಾಮಿ ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ತಾಮ್ರಶಾಸನವು ಕ್ರಿ.ಶ. 757ಕ್ಕೆ ಸೇರಿದುದು. ಸಂಸ್ಕೃತದಲ್ಲಿರುವ ಈ ಶಾಸನವು ಬ್ರಾಹ್ಮಣನೊಬ್ಬನಿಗೆ ನೀಡಿದ ಗ್ರಾಮದಾನವನ್ನು ದಾಖಲಿಸುತ್ತದೆ. ತಾಮ್ರಪಟಗಳ ಹೊರಗುಳಿದ ಬಲ್ಲವರ ಚರಿತ್ರೆಯನ್ನಾದರೋ ಅವರನ್ನು ಕುರಿತ ಪದಗಳಲ್ಲಿಯೇ ಅರಸಬೇಕಾಗುತ್ತದೆ.

ಯುರೋಪಿನ ಕೆಲ್ಟಿಕ್ ಜನರ ಪುರೋಹಿತರಾದ ಡ್ರುಯಿಡರು ಇದಕ್ಕೆ ಉತ್ತಮ ನಿದರ್ಶನ. ಅವರು ತಮ್ಮ ಬೋಧೆಯನ್ನು ಬರಹಕ್ಕಿಳಿಸುತ್ತಿರಲಿಲ್ಲವೆಂದು ಜೂಲಿಯಸ್ ಸೀಸರ್ ಹೇಳಿದ್ದಾನೆ. ಒಂದನೆಯ ಶತಮಾನದ ಪ್ಲಿನಿಯು ಈ ಹೆಸರನ್ನು ಓಕ್ ಮರವನ್ನು ಸೂಚಿಸುವ ಗ್ರೀಕ್ ಪದದೊಡನೆ ಜೋಡಿಸಿದನು. ಪ್ರಾಚೀನ ಐರಿಷಿನ ‘ದ್ರುಯೀ’ ಮೊದಲಾದ ರೂಪಗಳನ್ನು ತೂಗಿನೋಡಿದ ಆಧುನಿಕ ವಿದ್ವಾಂಸರು ‘ದ್ರು-ವಿದ್’ ಎಂಬ ಮೂಲವನ್ನು ಊಹಿಸುತ್ತಾರೆ. ಇಲ್ಲಿನ ‘ವಿದ್’ ಸಂಸ್ಕೃತದ ‘ವೇದ’, ‘ವಿದ್ಯೆ’ಗಳ ಧಾತುವಿಗೆ ಜ್ಞಾತಿ. ‘ದ್ರು’ ಎಂಬುದು ಮರವೋ ದೃಢತೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಕನ್ನಡವು ದ್ರಾವಿಡ ಭಾಷೆಯಾದುದರಿಂದ ಅದರ ದೇಸಿ ಪದಗಳಿಗೆ ಈ ಬಳ್ಳಿಯೊಡನೆ ರಕ್ತಸಂಬಂಧವಿಲ್ಲ. ಮೈಲಾರಲಿಂಗನ ಒಕ್ಕಲಾದ ‘ಗೊರವ’ನ ಹೆಸರು ಸಂಸ್ಕೃತದ ‘ಗುರು’ವಿನ ತದ್ಭವವೆನಿಸಿದೆ. ಕೊರವಂಜಿ ಹೇಳುವ ‘ಕಣಿ’ಯಾದರೋ ‘ಕಾಣ್’ ಧಾತುವಿನಿಂದ ಬಂದ ಅಚ್ಚಗನ್ನಡ ಪದ. ಕಾಣ್ಕೆ, ಶಕುನ ಎಂಬ ಅರ್ಥಗಳು ಅದರಲ್ಲಿ ಒಂದಾಗಿವೆ. ಕೆಲ್ಟರಲ್ಲಿ ಅರಿವು, ಕನ್ನಡದಲ್ಲಿ ಕಾಣ್ಕೆ: ಧಾತುಗಳು ಬೇರೆ, ಆಶಯ ಸಮೀಪ.

ಆದುದರಿಂದ ಕಣಿ ಹೇಳುವವರನ್ನು ಭಿಕ್ಷಾವೃತ್ತಿಯವರೆಂದಷ್ಟೇ ವರ್ಗೀಕರಿಸುವುದು ಸರಿಯಾಗಲಾರದು. ಅವರನ್ನು ಕಂಡವರೆಂದು ಸಮಾಜವು ಒಮ್ಮೆ ಮನ್ನಿಸಿತ್ತೆಂಬುದಕ್ಕೆ ಆ ಪದವೇ ಸಾಕ್ಷಿ. ಅಂತಹ ಪದವೊಂದು ಬಳಕೆ ತಪ್ಪಿದರೆ ಬರೆಯದೆ ಉಳಿದ ಶಾಸನವೊಂದು ಅಳಿದಂತೆ.