ಬೇಲಿಗೂ ಒಂದು ಕಾವಲು: ಕೆನಡಾ ಕಲಿತ ಪಾಠ

ಹೊಲಕ್ಕೆ ಬೇಲಿ ಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ರೈತ ಯಾರ ಬಳಿ ದೂರಬೇಕು? ದೇಶದ ಭದ್ರತೆಗೆ ಗುಪ್ತಚರ ಇಲಾಖೆ ಬೇಕು, ನಿಜ. ಆದರೆ ಗುಪ್ತವಾಗಿ ಕೆಲಸ ಮಾಡುವವರ ತಪ್ಪನ್ನು ಹಿಡಿಯುವವರು ಯಾರು? ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿ, ಅದಕ್ಕೆ ಕಾನೂನಿನಲ್ಲೇ ಉತ್ತರ ಬರೆಯಲು ಯತ್ನಿಸಿದ ದೇಶಗಳಲ್ಲಿ ಕೆನಡಾ ಒಂದು. ಅದರ ಇತಿಹಾಸವನ್ನು ನಮ್ಮ ಮನೆಗಳಲ್ಲಿ ಓದಬೇಕಾದ ಕಾರಣಗಳಿವೆ.

ಸೂರಃ ಅಲ್ ಹುಜುರಾತ್‌ನ 12ನೇ ವಚನ ನಮಗೆಲ್ಲ ಪರಿಚಿತ. ಅತಿಯಾದ ಗುಮಾನಿ, ಗೂಢಚರ್ಯೆ, ಪರದೂಷಣೆ, ಈ ಮೂರರಿಂದಲೂ ಅದು ವಿಶ್ವಾಸಿಗಳನ್ನು ತಡೆಯುತ್ತದೆ. ಆ ಕ್ರಮವನ್ನು ಗಮನಿಸೋಣ. ಮೊದಲು ಗುಮಾನಿ ಹುಟ್ಟುತ್ತದೆ. ಗುಮಾನಿ ಇಣುಕಿ ನೋಡಲು ಪ್ರೇರೇಪಿಸುತ್ತದೆ. ಇಣುಕಿ ಕಂಡದ್ದು ಬಾಯಿಂದ ಬಾಯಿಗೆ ಹರಡಿ ಒಬ್ಬನ ಮಾನ ಕಳೆಯುತ್ತದೆ. ಮನೆಯಲ್ಲಿ, ಬೀದಿಯಲ್ಲಿ ನಡೆಯುವ ಈ ಕೇಡು ಸರಕಾರದ ಕೈಯಲ್ಲಿ ನಡೆದಾಗ ಎಷ್ಟು ದೊಡ್ಡದಾಗುತ್ತದೆ ಎಂಬುದಕ್ಕೆ ಮುಂದಿನ ಘಟನೆಗಳೇ ಸಾಕ್ಷಿ.

1970ರ ಅಕ್ಟೋಬರ್ ತಿಂಗಳು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಪ್ರತ್ಯೇಕತೆಗಾಗಿ ಹೋರಾಡುತ್ತಿದ್ದ ಉಗ್ರ ಗುಂಪೊಂದು ಬ್ರಿಟಿಷ್ ರಾಜತಾಂತ್ರಿಕ ಜೇಮ್ಸ್ ಕ್ರಾಸ್ ಮತ್ತು ಪ್ರಾಂತದ ಸಚಿವ ಪಿಯರ್ ಲಾಪೋರ್ಟ್ ಅವರನ್ನು ಅಪಹರಿಸಿತು. ಲಾಪೋರ್ಟ್ ಅವರನ್ನು ಕೊಂದುಹಾಕಿತು. ಪ್ರಧಾನಿ ಪಿಯರ್ ಟ್ರೂಡೊ ಯುದ್ಧಕಾಲದ ತುರ್ತು ಕಾಯ್ದೆಯನ್ನು ಜಾರಿಗೊಳಿಸಿದರು. ವಾರಂಟ್ ಇಲ್ಲದೆ ಸುಮಾರು 500 ಮಂದಿಯನ್ನು ಬಂಧಿಸಲಾಯಿತು. ಅವರಲ್ಲಿ ಬಹುಪಾಲು ಜನರನ್ನು ಯಾವ ಆರೋಪವನ್ನೂ ಹೊರಿಸದೆ ಬಿಡುಗಡೆ ಮಾಡಲಾಯಿತು.

ಭಯವೇನೋ ನಿಜವಾದದ್ದೇ. ಆದರೆ ಆ ಭಯದ ನೆರಳಲ್ಲಿ ರಾಯಲ್ ಕೆನಡಿಯನ್ ಮೌಂಟೆಡ್ ಪೊಲೀಸ್‌ನ ಭದ್ರತಾ ವಿಭಾಗ ಕಾನೂನನ್ನು ಬದಿಗಿಟ್ಟಿತು. ಉಗ್ರರ ಸಭೆ ನಡೆಯಬಾರದೆಂದು 1972ರಲ್ಲಿ ಕೊಟ್ಟಿಗೆಯೊಂದಕ್ಕೆ ಬೆಂಕಿ ಹಚ್ಚಲಾಯಿತು. ಅದೇ ವರ್ಷ ಮಾಂಟ್ರಿಯಲ್‌ನ ಎಡಪಂಥೀಯ ಸುದ್ದಿಸಂಸ್ಥೆಯ ಕಚೇರಿಗೆ ರಾತ್ರಿ ನುಗ್ಗಿ ದಾಖಲೆಗಳನ್ನು ಹೊತ್ತೊಯ್ಯಲಾಯಿತು. 1973ರಲ್ಲಿ ಪಾರ್ಟಿ ಕ್ವಿಬೆಕ್ವಾ ಎಂಬ ಪಕ್ಷದ ಸದಸ್ಯರ ಪಟ್ಟಿಯನ್ನು ಕದ್ದು ನಕಲು ಮಾಡಲಾಯಿತು. ಅದು ಚುನಾವಣೆಯಲ್ಲಿ ಸ್ಪರ್ಧಿಸುತ್ತಿದ್ದ ಕಾನೂನುಬದ್ಧ ಪಕ್ಷ! ಜನರ ಅಂಚೆಯನ್ನೂ ಅಕ್ರಮವಾಗಿ ತೆರೆದು ಓದಲಾಗುತ್ತಿತ್ತು.

ಇದು ಹೊರಬಿದ್ದ ಬಗೆಯೂ ವಿಚಿತ್ರ. ಬಾಂಬ್ ಪ್ರಕರಣವೊಂದರಲ್ಲಿ ಸಿಕ್ಕಿಬಿದ್ದ ಮಾಜಿ ಪೊಲೀಸನೊಬ್ಬ 1976ರಲ್ಲಿ ನ್ಯಾಯಾಲಯದಲ್ಲಿ ಬಾಯಿಬಿಟ್ಟ. ಇಲಾಖೆಗಾಗಿ ತಾನು ಇದಕ್ಕಿಂತ ಕೆಟ್ಟ ಕೆಲಸಗಳನ್ನು ಮಾಡಿದ್ದೇನೆಂದು ಹೇಳಿದ. ಒಂದೊಂದೇ ಸಂಗತಿ ಹೊರಬಂದಂತೆ ಸರಕಾರಕ್ಕೆ ಬೇರೆ ದಾರಿ ಉಳಿಯಲಿಲ್ಲ. 1977ರಲ್ಲಿ ನ್ಯಾಯಮೂರ್ತಿ ಡೇವಿಡ್ ಮೆಕ್‌ಡೊನಾಲ್ಡ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗ ನೇಮಕವಾಯಿತು. 1981ರಲ್ಲಿ ಅದು ನೀಡಿದ ಮುಖ್ಯ ಸಲಹೆ ಇಷ್ಟು: ಗುಪ್ತಚರ ಕೆಲಸವನ್ನು ಪೊಲೀಸರ ಕೈಯಿಂದ ಬಿಡಿಸಿ, ಕಾನೂನಿನ ಚೌಕಟ್ಟಿರುವ ಪ್ರತ್ಯೇಕ ನಾಗರಿಕ ಸಂಸ್ಥೆಗೆ ವಹಿಸಬೇಕು.

1983ರಲ್ಲಿ ಸರಕಾರ ತಂದ ಮೊದಲ ಮಸೂದೆ ಆ ಸಂಸ್ಥೆಗೆ ವಿಪರೀತ ಅಧಿಕಾರ ಕೊಡುವಂತಿತ್ತು. ನಾಗರಿಕ ಹಕ್ಕುಗಳ ಸಂಘಟನೆಗಳು ಅದನ್ನು ಬಲವಾಗಿ ವಿರೋಧಿಸಿದವು. ಸೆನೆಟ್‌ನ ವಿಶೇಷ ಸಮಿತಿ ಮೈಕೆಲ್ ಪಿಟ್‌ಫೀಲ್ಡ್ ಅವರ ನೇತೃತ್ವದಲ್ಲಿ ಅದನ್ನು ಪರಿಶೀಲಿಸಿ ಹಲವು ತಿದ್ದುಪಡಿಗಳನ್ನು ಸೂಚಿಸಿತು. ಹೊಸ ಮಸೂದೆ ಬಂತು. 1984ರ ಜೂನ್‌ನಲ್ಲಿ ಅದಕ್ಕೆ ಅಂಗೀಕಾರದ ಮುದ್ರೆ ಬಿತ್ತು. ಕೆನಡಿಯನ್ ಸೆಕ್ಯುರಿಟಿ ಇಂಟೆಲಿಜೆನ್ಸ್ ಸರ್ವಿಸ್ ಹುಟ್ಟಿದ್ದು ಹೀಗೆ.

ಆ ಕಾಯ್ದೆ ಹಾಕಿದ ಕಟ್ಟುಪಾಡುಗಳನ್ನು ಒಂದೊಂದಾಗಿ ನೋಡೋಣ. ದೇಶದ ಭದ್ರತೆಗೆ ಬೆದರಿಕೆ ಎಂದರೇನು ಎಂಬುದನ್ನು ಕಾಯ್ದೆಯೇ ವಿವರಿಸಿತು. ಬೆದರಿಕೆಯ ಕೃತ್ಯಗಳೊಂದಿಗೆ ಸೇರಿರದ ಕಾನೂನುಬದ್ಧ ಪ್ರತಿಭಟನೆ, ಭಿನ್ನಮತಗಳು ಬೆದರಿಕೆಯಲ್ಲ ಎಂದು ಸ್ಪಷ್ಟವಾಗಿ ಬರೆಯಲಾಯಿತು. ಮಾಹಿತಿ ಸಂಗ್ರಹ ಕಟ್ಟುನಿಟ್ಟಾಗಿ ಅಗತ್ಯವಿರುವಷ್ಟಕ್ಕೆ ಮಾತ್ರ ಸೀಮಿತವಾಯಿತು. ಫೋನ್ ಕದ್ದಾಲಿಸಲು, ಅಂಚೆ ತೆರೆಯಲು ಫೆಡರಲ್ ನ್ಯಾಯಾಲಯದ ನ್ಯಾಯಾಧೀಶರಿಂದ ವಾರಂಟ್ ಪಡೆಯಬೇಕಾಯಿತು. ಬಂಧಿಸುವ ಅಧಿಕಾರ ಈ ಸಂಸ್ಥೆಗೆ ಸಿಗಲಿಲ್ಲ. ಇವೆಲ್ಲದರ ಮೇಲೆ, ಸಂಸ್ಥೆಯ ಕಡತಗಳನ್ನು ತರಿಸಿ ನೋಡಬಲ್ಲ ಸ್ವತಂತ್ರ ಪರಿಶೀಲನಾ ಸಮಿತಿ ಬಂತು. ಅದರ ಸದಸ್ಯರನ್ನು ನೇಮಿಸುವ ಮುನ್ನ ವಿರೋಧ ಪಕ್ಷಗಳ ನಾಯಕರೊಂದಿಗೂ ಸಮಾಲೋಚಿಸಬೇಕಿತ್ತು. ಸಾಮಾನ್ಯ ಪ್ರಜೆಯೂ ಅದಕ್ಕೆ ದೂರು ಕೊಡಬಹುದಿತ್ತು.

ಈ ಏರ್ಪಾಡು ಕಾಗದದ ಮೇಲೆಯೇ ಉಳಿಯಲಿಲ್ಲ. ವಾರಂಟ್‌ಗಾಗಿ ನ್ಯಾಯಾಲಯಕ್ಕೆ ಸಲ್ಲಿಸಿದ ಪ್ರಮಾಣಪತ್ರವೊಂದರಲ್ಲಿ ತಪ್ಪು ಮಾಹಿತಿ ಇದ್ದದ್ದು ಬಯಲಾದಾಗ, 1987ರಲ್ಲಿ ಸಂಸ್ಥೆಯ ಮೊದಲ ಮುಖ್ಯಸ್ಥ ಟೆಡ್ ಫಿನ್ ರಾಜೀನಾಮೆ ಕೊಡಬೇಕಾಯಿತು. ಪರಿಶೀಲನಾ ಸಮಿತಿಯ ಟೀಕೆಯ ಬಳಿಕ, ಭಿನ್ನಮತೀಯರ ಮೇಲೆ ಕಣ್ಣಿಟ್ಟಿದ್ದ ಒಂದು ಶಾಖೆಯನ್ನೇ ಅದೇ ವರ್ಷ ವಿಸರ್ಜಿಸಲಾಯಿತು.

ಆದರೆ ಕಾನೂನು ಒಳ್ಳೆಯದಾದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. 1985ರ ಜೂನ್ 23ರಂದು ಕೆನಡಾದಿಂದ ಭಾರತಕ್ಕೆ ಹೊರಟಿದ್ದ ಏರ್ ಇಂಡಿಯಾ ಕನಿಷ್ಕ ವಿಮಾನ ಬಾಂಬ್ ಸ್ಫೋಟಕ್ಕೆ ಸಿಲುಕಿ ಐರ್ಲೆಂಡ್ ಬಳಿ ಸಮುದ್ರಕ್ಕೆ ಬಿತ್ತು. 329 ಜೀವಗಳು ಹೋದವು. ಪ್ರಮುಖ ಶಂಕಿತನ ಫೋನ್ ಮಾತುಕತೆಯ ಹಲವು ಧ್ವನಿಸುರುಳಿಗಳನ್ನು ಹೊಸ ಸಂಸ್ಥೆ ಅಳಿಸಿಹಾಕಿತ್ತು. ಗುಪ್ತಚರರಿಗೂ ಪೊಲೀಸರಿಗೂ ಹೊಂದಾಣಿಕೆ ಇರಲಿಲ್ಲ. 2010ರಲ್ಲಿ ನ್ಯಾಯಮೂರ್ತಿ ಜಾನ್ ಮೇಜರ್ ಆಯೋಗ ಈ ಲೋಪಗಳನ್ನು ಕಟುವಾಗಿ ಎತ್ತಿ ತೋರಿಸಿತು. ಪ್ರಜೆಯ ಹಕ್ಕನ್ನು ಕಾಪಾಡಿದಂತೆಯೇ ಪ್ರಜೆಯ ಪ್ರಾಣವನ್ನೂ ಕಾಪಾಡಬೇಕು. ಎರಡೂ ಅಮಾನತ್ತೇ.

ಇನ್ನೊಂದು ಲೋಪದ ಬೆಲೆ ತೆತ್ತವರು ಮಾಹೆರ್ ಅರಾರ್. ಸಿರಿಯಾದಲ್ಲಿ ಹುಟ್ಟಿದ ಕೆನಡಾದ ಪ್ರಜೆ, ಇಂಜಿನಿಯರ್, ಮಕ್ಕಳೊಂದಿಗ. 2002ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಅಮೆರಿಕದ ಅಧಿಕಾರಿಗಳು ಅವರನ್ನು ಹಿಡಿದು, ಬಳಿಕ ಸಿರಿಯಾಕ್ಕೆ ಸಾಗಿಸಿದರು. ಅಲ್ಲಿ ಸುಮಾರು ಒಂದು ವರ್ಷ ಸೆರೆವಾಸ, ಚಿತ್ರಹಿಂಸೆ. ಅವರನ್ನು ಉಗ್ರವಾದಿಯೆಂದು ಬಿಂಬಿಸುವ ತಪ್ಪು ಮಾಹಿತಿಯನ್ನು ಅಮೆರಿಕಕ್ಕೆ ಕೊಟ್ಟದ್ದು ಕೆನಡಾದ ಪೊಲೀಸರು ಎಂದು 2006ರಲ್ಲಿ ನ್ಯಾಯಮೂರ್ತಿ ಡೆನಿಸ್ ಓಕಾನರ್ ಆಯೋಗ ಕಂಡುಕೊಂಡಿತು. ಅವರ ಮೇಲೆ ಯಾವ ಅಪರಾಧಕ್ಕೂ ಸಾಕ್ಷ್ಯವಿರಲಿಲ್ಲ. 2007ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಕ್ಷಮೆ ಕೇಳಿದರು. 1 ಕೋಟಿ 5 ಲಕ್ಷ ಕೆನಡಿಯನ್ ಡಾಲರ್ ಪರಿಹಾರ ನೀಡಲಾಯಿತು. ಗುಮಾನಿ, ಗೂಢಚರ್ಯೆ, ಅಪವಾದ: ಅದೇ ಕ್ರಮ.

1984ರ ಪರಿಶೀಲನಾ ಸಮಿತಿ ಗುಪ್ತಚರ ಸಂಸ್ಥೆಯ ಮೇಲೆ ಮಾತ್ರ ಕಣ್ಣಿಡಬಹುದಿತ್ತು. ಪೊಲೀಸರ ಭದ್ರತಾ ಕೆಲಸ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತಾಗಿತ್ತು. ಎಲ್ಲ ಇಲಾಖೆಗಳ ಭದ್ರತಾ ಕೆಲಸವನ್ನು ಒಟ್ಟಾಗಿ ಪರಿಶೀಲಿಸುವ ಹೊಸ ಸಂಸ್ಥೆ ಬರಲು 2019 ಬೇಕಾಯಿತು.

ನಮ್ಮ ದೇಶದ ಸ್ಥಿತಿಯನ್ನೂ ನೋಡೋಣ. 1887ರಷ್ಟು ಹಳೆಯ ಬೇರುಗಳಿರುವ ಇಂಟೆಲಿಜೆನ್ಸ್ ಬ್ಯೂರೊಗಾಗಲಿ, 1968ರಲ್ಲಿ ಹುಟ್ಟಿದ ರಾ ಸಂಸ್ಥೆಗಾಗಲಿ ಕೆನಡಾದಂತೆ ಸಂಸತ್ತು ರೂಪಿಸಿದ ಕಾಯ್ದೆಯಿಲ್ಲ. 2011ರಲ್ಲಿ ಸಂಸದ ಮನೀಶ್ ತಿವಾರಿ ಇದಕ್ಕಾಗಿ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಫೋನ್ ಕದ್ದಾಲಿಕೆಯ ವಿವಾದ 1988ರಲ್ಲಿ ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಕುರ್ಚಿಯನ್ನೇ ಕಿತ್ತುಕೊಂಡಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ನಿಯಮಗಳನ್ನು ವಿಧಿಸಿತು. ಆದರೂ ಅನುಮತಿ ಕೊಡುವವರು ಅಧಿಕಾರಿಗಳು, ಅದನ್ನು ಪರಿಶೀಲಿಸುವವರೂ ಅಧಿಕಾರಿಗಳೇ. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪ್ರತಿಯೊಬ್ಬರ ಮನೆಯ ಮಾನವನ್ನೂ ಕಾಯುವ ತೀರ್ಪಿಗೆ ಅವರ ಹೆಸರಿದೆ.

ಸಹೋದರ ಸಹೋದರಿಯರೇ, ಗುಮಾನಿಯ ನೋಟ ಎಷ್ಟು ನೋವು ಕೊಡುತ್ತದೆಂದು ನಮ್ಮಲ್ಲಿ ಅನೇಕರಿಗೆ ಗೊತ್ತು. ಆ ನೋವನ್ನು ಗೊಣಗಾಟವಾಗಿ ಉಳಿಸಿಕೊಳ್ಳುವುದು ಬೇಡ, ಬೇಡಿಕೆಯಾಗಿ ಮುಂದಿಡೋಣ. ಗುಪ್ತಚರ ಸಂಸ್ಥೆ ಇರಲಿ, ಸಮರ್ಥವಾಗಿಯೂ ಇರಲಿ. ಅದಕ್ಕೊಂದು ಕಾನೂನು, ವಾರಂಟ್ ಕೊಡಲು ಒಬ್ಬ ನ್ಯಾಯಾಧೀಶ, ದೂರು ಕೇಳಲು ಒಂದು ಬಾಗಿಲು ಇರಲಿ. ಇದನ್ನು ನಮಗಾಗಿ ಮಾತ್ರ ಕೇಳಬಾರದು. ಕೆನಡಾದಲ್ಲಿ ಪಟ್ಟಿ ಕಳವಾದದ್ದು ಒಂದು ರಾಜಕೀಯ ಪಕ್ಷದ್ದು, ಕಚೇರಿ ದೋಚಿದ್ದು ಪತ್ರಕರ್ತರದ್ದು, ಮೂರು ದಶಕಗಳ ಬಳಿಕ ಸೆರೆಗೆ ಬಿದ್ದದ್ದು ಒಬ್ಬ ಮುಸ್ಲಿಮ್. ಇಂದು ನೆರೆಮನೆಯ ಗೋಡೆಗೆ ಕಿವಿಯಿಟ್ಟಾಗ ನಾವು ಸುಮ್ಮನಿದ್ದರೆ, ನಾಳೆ ನಮ್ಮ ಗೋಡೆಯ ಪರವಾಗಿ ಮಾತಾಡುವವರು ಸಿಗಲಾರರು.